ಖೋಟಾ ನೋಟು ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ?

(ಎಸ್ಟೇಟ್ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಬೋನಸ್ಸಿನ ವಿಷಯ ಮಾತನಾಡುತ್ತೇನೆಂದು ಕೆಲವರು ಎಣಿಸಿ ಬಂದಿದ್ದೀರಿ. ಬೋನಸ್ಸಿನ ಮಾತು ಯೂನಿಯನ್ ಸಭೆಯಲ್ಲಿ ಆಗಲಿ. ಈ ಹೊತ್ತಿನ ಮಾತು ದುಡ್ಡು ಎಷ್ಟು ಬಂತೆಂಬುದಲ್ಲ. ಬಂದ ದುಡ್ಡು ದುಡ್ಡೇ ಹೌದೋ ಅಲ್ಲವೋ ಎಂಬುದು.

ಇದಕ್ಕೆ ಕಾರಣ ನಮ್ಮ ಪಾಡಿಯಲ್ಲೇ ನಡೆದ ಒಂದು ಸಂಗತಿ. ಆ ತಾಯಿ ಇಲ್ಲೇ ಕೂತಿದ್ದಾರೆ. ಹೆಸರು ಹೇಳದೆ ವಿಷಯ ಹೇಳಿ ಎಂದು ಒಪ್ಪಿಗೆ ಕೊಟ್ಟಿದ್ದಾರೆ. ಮನೆಯ ಹಿಂದಿನ ನಾಲ್ಕು ಬಳ್ಳಿಯ ಮೆಣಸನ್ನು ಬಿಡಿಸಿ, ಒಣಗಿಸಿ, ಸಂತೆಗೆ ಒಯ್ದರು. ಸಂಜೆಯ ಹೊತ್ತು, ಮಳೆ ಬೇರೆ, ಬಸ್ಸು ಹಾರನ್ ಹೊಡೆಯುತ್ತಿದೆ. ಕೊಂಡವನು ಎರಡು ಐನೂರರ ನೋಟನ್ನೂ ಸ್ವಲ್ಪ ಚಿಲ್ಲರೆಯನ್ನೂ ಕೈಗಿಟ್ಟ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಇವರು ಬಸ್ಸು ಹತ್ತಿದರು. ಎರಡು ದಿನ ಬಿಟ್ಟು ಬ್ಯಾಂಕಿಗೆ ಕಟ್ಟಲು ಹೋದಾಗ ಕ್ಯಾಶಿಯರು ಒಂದು ನೋಟನ್ನು ಬೆಳಕಿಗೆ ಹಿಡಿದರು, ಯಂತ್ರಕ್ಕೆ ಕೊಟ್ಟರು, ‘ಅಮ್ಮಾ, ಇದು ಖೋಟಾ’ ಎಂದರು. ಸೀಲು ಹೊಡೆದು ಒಳಗಿಟ್ಟುಕೊಂಡರು. ರಸೀತಿ ಕೇಳಬೇಕೆಂದು ಇವರಿಗೆ ತಿಳಿದಿರಲಿಲ್ಲ, ಅವರೂ ಕೊಡಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಇವರ ಮುಖವನ್ನೇ ನೋಡಿದರಂತೆ. ಆ ನೋಟ ಐನೂರು ರೂಪಾಯಿಗಿಂತ ಹೆಚ್ಚು ನೋಯಿಸಿತು ಎಂದು ಹೇಳಿದರು.

ಆ ಸಂಜೆ ನನ್ನ ಬಾಗಿಲಿಗೆ ಬಂದು, ‘ಉಪದೇಶಿಗಳೇ, ನಾನು ಮಾಡಿದ ತಪ್ಪೇನು?’ ಎಂದು ಕೇಳಿದರು. ತಪ್ಪೇನೂ ಇಲ್ಲ ಎಂದೆ. ಆದರೆ ‘ಹಾಗಾದರೆ ನನ್ನ ದುಡ್ಡು ಯಾಕೆ ಹೋಯಿತು?’ ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಅಲ್ಲಿ ಇಲ್ಲಿ ವಿಚಾರಿಸಿ, ಓದಿ, ತಿಳಿದವರನ್ನು ಕೇಳಿ ಕೂಡಿಸಿದ್ದನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ಎಸ್‌.ಎಸ್‌.ಎಲ್‌.ಸಿ. ಓದಿದವನು, ಬ್ಯಾಂಕಿನ ಆಫೀಸರನಲ್ಲ. ಆದರೆ ಈ ವಿದ್ಯೆಗೆ ಕಾಲೇಜು ಬೇಕಾಗಿಲ್ಲ. ಬೆರಳು ಬೇಕು, ಬೆಳಕು ಬೇಕು, ಅರ್ಧ ನಿಮಿಷ ಬೇಕು.

ಮೊದಲು ಖೋಟಾ ನೋಟಿನ ಸ್ವಭಾವ ತಿಳಿಯಿರಿ. ಅದು ಹತ್ತು ಕೈ ದಾಟುವ ತನಕ ಯಾರಿಗೂ ನಷ್ಟವಿಲ್ಲ. ಒಬ್ಬ ಕೊಟ್ಟ, ಇನ್ನೊಬ್ಬ ಸಾಮಾನು ಕೊಟ್ಟ, ವ್ಯಾಪಾರ ನಡೆಯಿತು. ಯಾವ ಕೈಯಲ್ಲಿ ಅದು ಖೋಟಾ ಎಂದು ಗೊತ್ತಾಗುತ್ತದೋ ಆ ಕೈಯ ಮೇಲೆ ಪೂರ್ತಿ ನಷ್ಟ ಬೀಳುತ್ತದೆ. ಆ ಕೈ ಸಾಮಾನ್ಯವಾಗಿ ಯಾರದು? ನೋಟು ಎಣಿಸುವ ಯಂತ್ರ ಇಟ್ಟುಕೊಂಡ ವ್ಯಾಪಾರಿಯದಲ್ಲ. ಕತ್ತಲಲ್ಲಿ ದುಡ್ಡು ತೆಗೆದುಕೊಳ್ಳುವವರದು, ಬಸ್ಸಿಗೆ ಓಡುವವರದು, ಕನ್ನಡಕ ಇಲ್ಲದವರದು. ‘ಬೇರೆ ನೋಟು ಕೊಡಿ ಸ್ವಾಮಿ’ ಎಂದು ಹೇಳಲು ಬಾಯಿ ಬಾರದವರದು. ಹೆಚ್ಚುಕಡಿಮೆ ಒಂದು ದಿನದ ಕೂಲಿ ಹಾಗೆಯೇ ಬೂದಿಯಾಗುತ್ತದೆ.

ಇದು ಸಣ್ಣ ವಿಷಯವೆಂದು ತಿಳಿಯಬೇಡಿ. 2016-17ನೇ ವರ್ಷದಲ್ಲಿ ನಮ್ಮ ದೇಶದ ಬ್ಯಾಂಕುಗಳಲ್ಲಿ 7 ಲಕ್ಷ 62 ಸಾವಿರ ಖೋಟಾ ನೋಟುಗಳು ಸಿಕ್ಕವು. ಆಮೇಲೆ ಕಡಿಮೆಯಾಗುತ್ತ ಬಂದು 2023-24ರಲ್ಲಿ 2 ಲಕ್ಷ 22 ಸಾವಿರದಷ್ಟು ಸಿಕ್ಕವು. ಇವು ಬ್ಯಾಂಕಿನ ಕಣ್ಣಿಗೆ ಬಿದ್ದವು ಮಾತ್ರ. ಸಂತೆಯಿಂದ ಸಂತೆಗೆ ಸುತ್ತುತ್ತಿರುವುದರ ಲೆಕ್ಕ ಅದರಲ್ಲಿ ಸೇರಿಲ್ಲ.

ಬಡವನ ಕೈಗೆ ನೋಟು ಬಂದ ಕಾಲದಿಂದಲೂ ಈ ಕಷ್ಟ ಇದೆ. ಇಂಗ್ಲೆಂಡಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. 1797ರಲ್ಲಿ ಫ್ರಾನ್ಸಿನೊಂದಿಗೆ ಯುದ್ಧ ನಡೆಯುತ್ತಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಚಿನ್ನ ಕರಗುತ್ತ ಬಂತು. ನೋಟು ತಂದವರಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿ, ಅದರ ಬದಲು ಒಂದು ಪೌಂಡು, ಎರಡು ಪೌಂಡಿನ ಸಣ್ಣ ನೋಟುಗಳನ್ನು ಹೊರಡಿಸಿದರು. ಅದಕ್ಕೆ ಮುಂಚೆ ಐದು ಪೌಂಡಿಗಿಂತ ಚಿಕ್ಕ ನೋಟು ಇರಲಿಲ್ಲ. ಕೂಲಿಯವನು ನೋಟಿನ ಮುಖವನ್ನೇ ಕಂಡವನಲ್ಲ. ಈಗ ಓದು ಬಾರದ ಜನರ ಕೈಗೆ ಕಾಗದದ ದುಡ್ಡು ಬಂತು. ಆ ನೋಟೋ, ಒಂದೇ ಮಗ್ಗುಲಲ್ಲಿ ಕಪ್ಪು ಶಾಯಿಯಲ್ಲಿ ಅಚ್ಚಾದ ಸಾದಾ ಕಾಗದ. ಕೆತ್ತನೆ ಬಲ್ಲ ಯಾವನೂ ಮಾಡಬಹುದಾಗಿತ್ತು, ಬೇಕಾದಷ್ಟು ಜನ ಮಾಡಿದರು.

ಬ್ಯಾಂಕಿನವರು ಏನು ಮಾಡಿದರು? ನೋಟನ್ನು ಗಟ್ಟಿ ಮಾಡಲಿಲ್ಲ, ನೇಣಿನ ಹಗ್ಗವನ್ನು ಗಟ್ಟಿ ಮಾಡಿದರು. ಆ ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಈ ಅಪರಾಧಕ್ಕೆ ಗಲ್ಲಿಗೇರಿಸಿದರು. ಅವರಲ್ಲಿ ಎಲ್ಲರೂ ನೋಟು ತಯಾರಿಸಿದವರಲ್ಲ. ಒಂದು ಪೌಂಡಿನ ಖೋಟಾ ನೋಟನ್ನು ಅಂಗಡಿಯಲ್ಲಿ ಕೊಟ್ಟು ಸಿಕ್ಕಿಬಿದ್ದವರೂ ಇದ್ದರು. ಹೆಂಗಸರೂ ಇದ್ದರು. ಇನ್ನೂ ನೂರಾರು ಜನರನ್ನು ಹಡಗಿನಲ್ಲಿ ತುಂಬಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಲಂಡನ್ನಿನಲ್ಲಿ ಜಾರ್ಜ್ ಕ್ರುಯಿಕ್‌ಶ್ಯಾಂಕ್ ಎಂಬ ಚಿತ್ರಗಾರನಿದ್ದ. ಗಲ್ಲಿನಲ್ಲಿ ನೇತಾಡುತ್ತಿದ್ದ ಹೆಂಗಸರನ್ನು ನೋಡಿ ಅವನ ಮನಸ್ಸು ಕಲಕಿತು. 1819ರಲ್ಲಿ ಅವನು ನೋಟಿನ ರೀತಿಯಲ್ಲೇ ಒಂದು ಚಿತ್ರ ಬರೆದು ಮಾರಿದ. ಅದರಲ್ಲಿ ಸಾಲಾಗಿ ನೇಣಿಗೆ ಹಾಕಿದ ಗಂಡಸರು ಹೆಂಗಸರು. ಅದನ್ನು ಕೊಳ್ಳಲು ಜನ ಅಂಗಡಿಯ ಮುಂದೆ ಮುತ್ತಿಕೊಂಡರು. ಜೂರಿಯಲ್ಲಿ ಕೂತವರೇ ‘ತಪ್ಪಿತಸ್ಥ’ ಎಂದು ಹೇಳಲು ಹಿಂಜರಿಯತೊಡಗಿದರು. 1821ರಲ್ಲಿ ಮತ್ತೆ ಚಿನ್ನ ಕೊಡತೊಡಗಿದ ಮೇಲೆ ಆ ಸಣ್ಣ ನೋಟುಗಳು ಹಿಂದಕ್ಕೆ ಹೋದವು. ಖೋಟಾ ನೋಟಿಗಾಗಿ ಗಲ್ಲಿಗೇರಿಸುವ ಪದ್ಧತಿ ಸಂಪೂರ್ಣವಾಗಿ ನಿಲ್ಲುವಷ್ಟರಲ್ಲಿ 1830 ಆಗಿತ್ತು.

ಅದೇ ಹೊತ್ತಿಗೆ, ಅದಕ್ಕೂ ಎಷ್ಟೋ ಮುಂಚೆ, ಸಮುದ್ರದ ಆಚೆ ಅಮೆರಿಕದಲ್ಲಿ ಒಬ್ಬ ಅಚ್ಚಿನ ಕೆಲಸಗಾರ ಬೇರೆ ದಾರಿ ಕಂಡುಕೊಂಡಿದ್ದ. ಬೆಂಜಮಿನ್ ಫ್ರಾಂಕ್ಲಿನ್ ಎಂದು ಹೆಸರು. ಮುಂದೆ ದೊಡ್ಡ ಮನುಷ್ಯನಾದ, ಆದರೆ ಕಸುಬಿನಿಂದ ಪ್ರೆಸ್ಸಿನವನು. 1730ರ ದಶಕದ ಕೊನೆಯಲ್ಲಿ ಅವನು ಅಚ್ಚು ಹಾಕಿದ ನೋಟುಗಳ ಮೇಲೆ ಒಂದು ಗಿಡದ ಎಲೆಯ ಅಚ್ಚು ಇರುತ್ತಿತ್ತು. ಬರೆದ ಎಲೆಯಲ್ಲ, ನಿಜವಾದ ಎಲೆಯಿಂದ ತೆಗೆದ ಅಚ್ಚು. ಎಲೆಯನ್ನು ಗಾರೆಯಂತಹ ಮೆತ್ತನೆಯ ಹುಡಿಯಲ್ಲಿ ಒತ್ತಿ, ಅದರಿಂದ ಸೀಸದ ಅಚ್ಚು ಎರಕ ಹೊಯ್ಯುತ್ತಿದ್ದ. ಅವನು ಆ ಗುಟ್ಟನ್ನು ಹೊರಗೆ ಬಿಡಲಿಲ್ಲ.

ಇಲ್ಲಿ ಕೂತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಸಾವಿರ ಸಾವಿರ ಸೊಪ್ಪು ಕೀಳುವವರು ನೀವು. ಎರಡು ಎಲೆಯ ನರ ಒಂದೇ ಸಮ ಇದ್ದದ್ದನ್ನು ನೋಡಿದ್ದೀರಾ? ನರದಿಂದ ಕವಲು, ಕವಲಿನಿಂದ ಇನ್ನೂ ಸಣ್ಣದು, ಒಂದು ಕಡೆ ದಪ್ಪ, ಒಂದು ಕಡೆ ಕೂದಲಿನಷ್ಟು ತೆಳು. ಅದನ್ನು ಉಳಿಯಿಂದ ಕೆತ್ತುತ್ತೇನೆಂದು ಕೂತರೆ ಎಂಥ ಕಳ್ಳನಿಗೂ ಕೈ ಸೋಲುತ್ತದೆ. ಕದಿಯುವವನ ಕೈಗೆ ಎಟುಕದ್ದನ್ನು ನೋಟಿನೊಳಗೇ ಇಡಬೇಕು, ನೋಡುವವನಿಗೆ ಮಾತ್ರ ಅದು ಸುಲಭವಾಗಿ ಕಾಣಬೇಕು. ಇವತ್ತಿನ ನೋಟಿನಲ್ಲಿ ಇರುವುದೆಲ್ಲ ಈ ಒಂದೇ ಯುಕ್ತಿಯ ಮಕ್ಕಳು ಮೊಮ್ಮಕ್ಕಳು.

ನಮ್ಮ ದೇಶದಲ್ಲಿ ಸರ್ಕಾರಿ ನೋಟು 1861ರ ಕಾನೂನಿನಿಂದ ಶುರುವಾಯಿತು. ವಿಕ್ಟೋರಿಯಾ ರಾಣಿಯ ಚಿತ್ರವಿದ್ದ ಆ ಮೊದಲ ನೋಟುಗಳನ್ನು ಕಳ್ಳರು ನಕಲು ಮಾಡಿದ್ದರಿಂದ ಹಿಂದಕ್ಕೆ ತೆಗೆದು, 1867ರಿಂದ ಬೇರೆ ನಮೂನೆಯ ನೋಟು ತರಬೇಕಾಯಿತು. ಮುಖ ಇದ್ದ ಮಾತ್ರಕ್ಕೆ ನೋಟಿಗೆ ಕಾವಲು ಸಿಗುವುದಿಲ್ಲ ಎಂದಾಯಿತು. ಕೈಸರನ ನಾಣ್ಯವನ್ನು ತರಿಸಿ ಅದರ ಮೇಲಿನ ಮುಖ ಯಾರದೆಂದು ಕೇಳಿದ ಪ್ರಸಂಗ ನಿಮಗೆಲ್ಲ ಗೊತ್ತು. ಈ ಕಾಲದಲ್ಲಿ ಮುಖ ಯಾರದು ಎಂದು ಕೇಳಿದರೆ ಸಾಲದು, ಮುಖವನ್ನು ಅಚ್ಚು ಹಾಕಿದವರು ಯಾರು ಎಂದೂ ಕೇಳಬೇಕು.

ಈಗಿನ ನೋಟು ಅಚ್ಚಾಗುವುದು ನಾಲ್ಕು ಕಡೆ: ನಾಸಿಕ್, ದೇವಾಸ್, ನಮ್ಮ ಮೈಸೂರು, ಬಂಗಾಳದ ಸಾಲ್ಬೋನಿ. ಮೈಸೂರಿನಲ್ಲಿ ಅಚ್ಚು ಮಾತ್ರವಲ್ಲ, ನೋಟಿನ ಕಾಗದ ಮಾಡುವ ಗಿರಣಿಯೂ ಇದೆ, 2022ರಿಂದ ಶಾಯಿಯ ಕಾರ್ಖಾನೆಯೂ ಇದೆ. ದಸರಾ ನೋಡಲು ಹೋದವರು ಗೊತ್ತಿಲ್ಲದೆ ಆ ಊರನ್ನು ಸುತ್ತಿ ಬಂದಿದ್ದೀರಿ.

ಈಗ ನನ್ನ ಕೈಯಲ್ಲಿರುವ ಈ ಐನೂರರ ನೋಟನ್ನು ನೋಡೋಣ. ಇದು ಮರದ ತಿರುಳಿನ ಕಾಗದವಲ್ಲ, ಹತ್ತಿಯದು. ಅಂಗಿಯ ಜೇಬಿನಲ್ಲಿ ಮರೆತು ಬಟ್ಟೆಯ ಜೊತೆ ಒಗೆದರೂ ನೋಟು ಬದುಕಿಕೊಳ್ಳುವುದು ಅದಕ್ಕೇ. ನಮ್ಮ ಮನೆಯಲ್ಲಿ ಎರಡು ಸಾರಿ ಈ ಪರೀಕ್ಷೆ ಆಗಿದೆ. ಅಂಗಡಿಯಲ್ಲಿ ಸಿಗುವ ಬಿಳಿ ಕಾಗದ ನೀಲಿ ದೀಪದ ಕೆಳಗೆ ಹಾಲಿನಂತೆ ಹೊಳೆಯುತ್ತದೆ. ನೋಟಿನ ಕಾಗದ ಹಾಗೆ ಹೊಳೆಯುವುದಿಲ್ಲ, ಅದರೊಳಗೆ ಬೆರೆಸಿದ ಸಣ್ಣ ಎಳೆಗಳೂ ನಂಬರೂ ಮಾತ್ರ ಹೊಳೆಯುತ್ತವೆ. ದೊಡ್ಡ ಅಂಗಡಿಯಲ್ಲಿ ನೀಲಿ ದೀಪದ ಪೆಟ್ಟಿಗೆ ಇಟ್ಟಿರುವುದು ಇದಕ್ಕಾಗಿ. ನಮ್ಮಲ್ಲಿ ಆ ದೀಪ ಇಲ್ಲ. ಇರಲಿ, ನಮಗೆ ಬೆರಳಿದೆ.

ಸೊಪ್ಪು ಎಳೆಯದೋ ಬಲಿತದ್ದೋ ಎಂದು ನಿಮ್ಮ ಬೆರಳಿಗೆ ಕಣ್ಣಿಗಿಂತ ಮೊದಲೇ ತಿಳಿಯುತ್ತದೆ. ಅದೇ ಬೆರಳನ್ನು ನೋಟಿನ ಮೇಲೆ ಮೆಲ್ಲಗೆ ಆಡಿಸಿ. ಗಾಂಧೀಜಿಯ ಚಿತ್ರ ಉಬ್ಬಿದೆ. ಬಲಗಡೆ ಅಶೋಕ ಸ್ತಂಭದ ಸಿಂಹಗಳೂ ಉಬ್ಬಿವೆ. ಇದು ಹೇಗೆ ಆಗುತ್ತದೆಂದರೆ, ಲೋಹದ ತಗಡಿನಲ್ಲಿ ಆಳವಾಗಿ ಕೆತ್ತಿ, ಆ ಗುಳಿಯಲ್ಲಿ ದಪ್ಪ ಶಾಯಿ ತುಂಬಿ, ಕಾಗದವನ್ನು ಬಹಳ ಬಲದಿಂದ ಅದರ ಮೇಲೆ ಒತ್ತುತ್ತಾರೆ. ಕಾಗದ ಗುಳಿಯೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಕಂಪ್ಯೂಟರಿನ ಅಚ್ಚಿನಲ್ಲಿ ಶಾಯಿ ಮಟ್ಟಸವಾಗಿ ಕೂರುತ್ತದೆ, ಬೆರಳಿಗೆ ಏನೂ ಸಿಗದು. ನೋಟಿನ ಎಡ ಬಲ ಅಂಚಿನಲ್ಲಿ ಓರೆಯಾದ ಉಬ್ಬು ಗೆರೆಗಳಿವೆ. ಐನೂರರಲ್ಲಿ ಐದು, ನೂರರಲ್ಲಿ ನಾಲ್ಕು. ಇನ್ನೂರರಲ್ಲಿ ನಾಲ್ಕು ಗೆರೆ ಮತ್ತು ಅದರ ನಡುವೆ ಎರಡು ಚುಕ್ಕೆಯಂತಹ ವೃತ್ತ. ಬಲಗಡೆ ಒಂದು ಉಬ್ಬಿದ ಗುರುತೂ ಉಂಟು: ಐನೂರಕ್ಕೆ ವೃತ್ತ, ನೂರಕ್ಕೆ ತ್ರಿಕೋಣ. ಇವನ್ನು ಇಟ್ಟಿರುವುದು ಕಣ್ಣು ಕಾಣದವರಿಗಾಗಿ. ಕತ್ತಲಲ್ಲಿ ಬಸ್ಸು ಹತ್ತುವ ಹೊತ್ತಿನಲ್ಲಿ ನಾವೆಲ್ಲರೂ ಕಣ್ಣು ಕಾಣದವರೇ ಅಲ್ಲವೇ? ಉಗುರಿನಿಂದ ಅಂಚನ್ನು ಒಮ್ಮೆ ಗೀರಿ ನೋಡಿ, ಗರಗರ ಎನ್ನುತ್ತದೆ. ತುಂಬ ಹಳೆಯ ನೋಟಿನಲ್ಲಿ ಉಬ್ಬು ಸವೆದಿರುತ್ತದೆ. ಆದ್ದರಿಂದ ಒಂದೇ ಗುರುತು ಹಿಡಿದು ತೀರ್ಮಾನ ಮಾಡಬಾರದು.

ಇನ್ನು ಓರೆ ಮಾಡಿ. ಗಾಂಧೀಜಿಯ ಚಿತ್ರದ ಬಳಿ ಮೇಲಿಂದ ಕೆಳಕ್ಕೆ ಒಂದು ದಾರ ಇದೆ. ನೇರ ನೋಡಿದರೆ ಹಸಿರು, ಓರೆ ಮಾಡಿದರೆ ನೀಲಿ. ನೂರು, ಇನ್ನೂರು, ಐನೂರು ಮೂರರಲ್ಲೂ ಹೀಗೆಯೇ. ಐನೂರು ಮತ್ತು ಇನ್ನೂರರಲ್ಲಿ ಬಲಗಡೆ ಕೆಳಗೆ ರೂಪಾಯಿ ಗುರುತಿನ ಜೊತೆ ಬರೆದ ಅಂಕಿಯೂ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಕಳ್ಳನು ಹಸಿರು ಬಣ್ಣ ಬಳಿಯಬಹುದು, ಮಿನುಗುವ ತಗಡಿನ ಎಳೆ ಅಂಟಿಸಬಹುದು, ಆದರೆ ಒಂದೇ ಬಣ್ಣ ಎರಡಾಗಿ ಕಾಣುವಂತೆ ಮಾಡುವುದು ಅವನಿಗೆ ಬಲು ಕಷ್ಟ. ಆ ದಾರ ಕಾಗದದೊಳಗೆ ಹೊಲಿದಂತೆ ಮುಳುಗುತ್ತ ಏಳುತ್ತ ಹೋಗುತ್ತದೆ. ಬೆಳಕಿಗೆ ಹಿಡಿದರೆ ತುಂಡಾಗದ ಒಂದೇ ಗೆರೆ.

ಈ ದಾರದ ಯುಕ್ತಿ 1940ರದು. ಬ್ಯಾಂಕ್ ಆಫ್ ಇಂಗ್ಲೆಂಡಿನವರು ಯುದ್ಧಕಾಲದಲ್ಲಿ ಒಂದು ಪೌಂಡಿನ ನೋಟಿನಲ್ಲಿ ಲೋಹದ ಎಳೆ ಸೇರಿಸಿದರು. ಅವರ ದೊಡ್ಡ ನೋಟುಗಳಲ್ಲಿ ಅದಿರಲಿಲ್ಲ. ಹಿಟ್ಲರನ ಕಡೆಯವರು ಸಾಕ್ಸೆನ್‌ಹೌಸೆನ್ ಎಂಬ ಸೆರೆ ಶಿಬಿರದಲ್ಲಿ ಯೆಹೂದಿ ಕೈದಿಗಳನ್ನು ಕೂಡಿಸಿ, ಪ್ರಾಣಭಯದಲ್ಲಿ ಕೆಲಸ ಮಾಡಿಸಿ, ನಕಲು ಮಾಡಿದ್ದು ಆ ದೊಡ್ಡ ನೋಟುಗಳನ್ನೇ. ಬ್ಯಾಂಕಿನವರು ಕೊನೆಗೆ ಹತ್ತು ಪೌಂಡು ಮತ್ತು ಅದಕ್ಕೆ ಮೇಲಿನ ನೋಟುಗಳನ್ನು ಹೊರಡಿಸುವುದನ್ನೇ ನಿಲ್ಲಿಸಬೇಕಾಯಿತು. ಒಂದು ಎಳೆ ದಾರದ ಬೆಲೆ ಅಷ್ಟು.

ಕೊನೆಯದಾಗಿ ಬೆಳಕು. ಮುಂಬದಿಯ ಬಲಗಡೆ ಖಾಲಿಯಾಗಿ ಕಾಣುವ ಜಾಗವನ್ನು ಕಿಟಕಿಗೆ ಹಿಡಿಯಿರಿ. ಗಾಂಧೀಜಿಯ ಮುಖ ನೆರಳಿನಂತೆ ಮೂಡುತ್ತದೆ, ಪಕ್ಕದಲ್ಲಿ 500 ಎಂಬ ಅಂಕಿ. ಇದನ್ನು ನೀರಚ್ಚು ಎನ್ನುತ್ತಾರೆ. ಇದರಲ್ಲಿ ಶಾಯಿಯೇ ಇಲ್ಲ. ಕಾಗದ ಇನ್ನೂ ಹಸಿಯಾಗಿ ಗಂಜಿಯಂತೆ ಇರುವಾಗಲೇ ಉಬ್ಬು ತಗ್ಗಿನ ಜರಡಿಯ ಮೇಲೆ ಇಳಿಯುತ್ತದೆ. ತಗ್ಗಿನಲ್ಲಿ ಹತ್ತಿ ದಪ್ಪಗೆ ಕೂರುತ್ತದೆ, ಉಬ್ಬಿನಲ್ಲಿ ತೆಳ್ಳಗೆ. ತೆಳ್ಳಗಿರುವಲ್ಲಿ ಬೆಳಕು ಹೆಚ್ಚು ಬರುತ್ತದೆ, ದಪ್ಪಗಿರುವಲ್ಲಿ ಕಡಿಮೆ. ಅಷ್ಟೇ ಗುಟ್ಟು. ಖೋಟಾ ಮಾಡುವವನು ತೆಳು ಬೂದು ಬಣ್ಣದಲ್ಲಿ ಆ ಮುಖವನ್ನು ಅಚ್ಚು ಹಾಕುತ್ತಾನೆ. ಅವನನ್ನು ಹಿಡಿಯುವ ಉಪಾಯ ಹೇಳುತ್ತೇನೆ: ನೋಟನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ನಿಜವಾದ ನೀರಚ್ಚು ಆಗ ಕಂಡೂ ಕಾಣದಂತೆ ಅಡಗಿಕೊಳ್ಳುತ್ತದೆ. ಬೆಳಕು ಹಿಂದಿಲ್ಲದೆಯೂ ಮುಖ ಚೆನ್ನಾಗಿ ಕಾಣುತ್ತಿದ್ದರೆ ಅನುಮಾನ ಪಡಿ. ಕಿಟಕಿ ಇಲ್ಲದಿದ್ದರೆ ಮೊಬೈಲಿನ ಟಾರ್ಚು ಸಾಕು.

ನಂಬರನ್ನೂ ನೋಡಿ. ಅಂಕಿಗಳು ಎಡದಿಂದ ಬಲಕ್ಕೆ ಸಣ್ಣದರಿಂದ ದೊಡ್ಡದಾಗುತ್ತ ಹೋಗುತ್ತವೆ, ಏಣಿ ಹತ್ತಿದ ಹಾಗೆ. ಹಿಂಬದಿಯಲ್ಲಿ ಹದಿನೈದು ಭಾಷೆಗಳಲ್ಲಿ ಮೊತ್ತ ಬರೆದಿದೆ. ಮೇಲಿನಿಂದ ನಾಲ್ಕನೆಯದು ಕನ್ನಡ, ಏಳನೆಯದು ಮಲಯಾಳಂ, ಹದಿಮೂರನೆಯದು ತಮಿಳು. ಮೂರು ರಾಜ್ಯದ ಗಡಿಯಲ್ಲಿ ದುಡಿಯುವ ನಾವೆಲ್ಲ ಒಂದೇ ಪಟ್ಟಿಯಲ್ಲಿ ಇದ್ದೇವೆ ಎಂದು ನನಗೆ ಅದನ್ನು ನೋಡಿದಾಗಲೆಲ್ಲ ಒಂದು ಸಂತೋಷ. ಕನ್ನಡದ ಸಾಲನ್ನು ಮಕ್ಕಳಿಂದ ಓದಿಸಿ. ಹಂಪಿಯ ಕಲ್ಲಿನ ರಥ ಐವತ್ತರ ನೋಟಿನ ಬೆನ್ನ ಮೇಲಿದೆ, ಅದನ್ನೂ ತೋರಿಸಿ.

ಇಲ್ಲಿ ಒಂದು ಎಚ್ಚರಿಕೆ. ಖೋಟಾ ನೋಟಿನ ಭಯವೂ ಬಡವನಿಗೆ ನಷ್ಟ ಮಾಡುತ್ತದೆ. ನಂಬರಿನ ನಡುವೆ ನಕ್ಷತ್ರವಿದ್ದರೆ ಖೋಟಾ ಎಂದು ವಾಟ್ಸಾಪಿನಲ್ಲಿ ಬಂತು. ಸುಳ್ಳು. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲು ಕಟ್ಟಿನೊಳಗೆ ಸೇರಿಸುವ ನೋಟಿಗೆ ನಕ್ಷತ್ರ ಹಾಕುತ್ತಾರೆ. ಅದು ಪೂರ್ತಿ ನಡೆಯುತ್ತದೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಸಿರು ದಾರ ಗಾಂಧೀಜಿಗೆ ಹತ್ತಿರ ಇದ್ದರೆ ಖೋಟಾ ಎಂಬುದೂ ಸುಳ್ಳು. ಹತ್ತು ರೂಪಾಯಿಯ ನಾಣ್ಯದ ಕಥೆಯಂತೂ ನಿಮಗೆ ಗೊತ್ತೇ ಇದೆ. ಅಂಗಡಿಯವರು ಬೇಡ ಎನ್ನುತ್ತಾರೆ, ಕಂಡಕ್ಟರು ಬೇಡ ಎನ್ನುತ್ತಾರೆ, ನಮ್ಮ ಡಬ್ಬಿಯಲ್ಲಿ ರಾಶಿ ಬೀಳುತ್ತದೆ. ಹದಿನಾಲ್ಕು ನಮೂನೆಯ ಹತ್ತರ ನಾಣ್ಯಗಳೆಲ್ಲವೂ ಸರಿಯಾದವೇ ಎಂದು 2018ರಲ್ಲೇ ರಿಸರ್ವ್ ಬ್ಯಾಂಕು ತಿಳಿಸಿದೆ. ಧೈರ್ಯವಾಗಿ ಕೊಡಿ. ಹರಿದ ನೋಟು, ಮಾಸಿದ ನೋಟು ಕೂಡ ಖೋಟಾ ಅಲ್ಲ. ಅದನ್ನು ಬ್ಯಾಂಕಿನಲ್ಲಿ ಬದಲಿಸಿಕೊಳ್ಳಬಹುದು, ಕಮಿಷನ್ ಕೊಟ್ಟು ಸಂತೆಯಲ್ಲಿ ಬದಲಿಸಬೇಡಿ. ಕಣ್ಣು ಕಾಣದವರಿಗಾಗಿ ರಿಸರ್ವ್ ಬ್ಯಾಂಕು 2020ರಲ್ಲಿ ‘ಮನಿ’ ಎಂಬ ಒಂದು ಮೊಬೈಲ್ ಆಪ್ ಹೊರತಂದಿತು. ಅದು ನೋಟು ಎಷ್ಟರದ್ದೆಂದು ಹೇಳುತ್ತದೆ, ಖೋಟಾ ಹೌದೋ ಅಲ್ಲವೋ ಎಂದು ಹೇಳುವುದಿಲ್ಲ. ಅದನ್ನು ನಂಬಿ ಕೂರಬೇಡಿ.

ಸರಿ, ಇಷ್ಟು ನೋಡಿಯೂ ಒಂದು ಖೋಟಾ ನೋಟು ಕೈಗೆ ಬಂತು. ಏನು ಮಾಡುವುದು? ಈಗ ನನ್ನ ಮನೆಯ ಗುಟ್ಟನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಯೂನಿಯನ್ ಚಂದಾ ಎತ್ತಿದ ದುಡ್ಡಿನಲ್ಲಿ ಒಂದು ಖೋಟಾ ಐನೂರು ಬಂದಿತ್ತು. ಯಾರು ಕೊಟ್ಟದ್ದೆಂದು ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿರಲಿಕ್ಕಿಲ್ಲ. ಲೆಕ್ಕ ನಾನು ಕೊಡಬೇಕು. ಆ ನೋಟು ಮೂರು ದಿನ ನನ್ನ ಜೇಬಿನಲ್ಲಿ ಇತ್ತು. ಸಂಜೆ ಅಂಗಡಿಯಲ್ಲಿ ಜನ ತುಂಬಿದಾಗ ಕೊಟ್ಟುಬಿಡೋಣ ಎಂಬ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆ ಅಂಗಡಿಯವಳು ಗಂಡನಿಲ್ಲದ ಹೆಂಗಸು, ನಮಗೇ ಸಾಲ ಕೊಡುವವಳು. ಅವಳ ಮುಖ ನೆನಪಾಗಿ ಕೈ ಹಿಂದಕ್ಕೆ ಬಂತು. ನನ್ನ ಕೈಯಿಂದ ಹಾಕಿ ಲೆಕ್ಕ ಸರಿ ಮಾಡಿದೆ. ಆ ತಿಂಗಳು ಮನೆಯಲ್ಲಿ ಮೀನಿಲ್ಲ. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಕಾಣಿಕೆ ಪೆಟ್ಟಿಗೆ ಎಣಿಸುವಾಗಲೂ ಇಂಥ ನೋಟು ಸಿಕ್ಕಿದೆ. ಅಂಗಡಿಯಲ್ಲಿ ನಡೆಯದ್ದು ದೇವರ ಹತ್ತಿರ ನಡೆಯುತ್ತದೆ ಎಂದು ಯಾರೋ ಎಣಿಸಿದ ಹಾಗಿದೆ.

ಕಾನೂನು ಹೀಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 178ನೇ ಕಲಮಿನಲ್ಲಿ ಖೋಟಾ ನೋಟು ತಯಾರಿಸುವವನಿಗೆ ಜೀವಾವಧಿಯವರೆಗೂ ಶಿಕ್ಷೆ ಉಂಟು. 179ನೇ ಕಲಮು, ಖೋಟಾ ಎಂದು ತಿಳಿದೂ ಅದನ್ನು ಚಲಾಯಿಸುವವನಿಗೆ, ಅದಕ್ಕೂ ಜೀವಾವಧಿಯವರೆಗೆ. ಗಮನಿಸಿ: ತಿಳಿದ ಕ್ಷಣದಿಂದ ನಿಮ್ಮ ಸ್ಥಾನ ಬದಲಾಗುತ್ತದೆ. ತಿಳಿಯುವ ಮುಂಚೆ ನೀವು ಮೋಸಹೋದವರು, ತಿಳಿದ ಮೇಲೆ ದಾಟಿಸಿದರೆ ಮೋಸ ಮಾಡಿದವರು. 180ನೇ ಕಲಮು, ಚಲಾಯಿಸುವ ಉದ್ದೇಶದಿಂದ ಇಟ್ಟುಕೊಂಡವನಿಗೆ ಏಳು ವರ್ಷದವರೆಗೆ. ಆದರೆ ನ್ಯಾಯವಾದ ಮೂಲದಿಂದ ಬಂದದ್ದೆಂದು ತೋರಿಸಿಕೊಟ್ಟರೆ ಅದು ಅಪರಾಧವಲ್ಲವೆಂದು ಅದೇ ಕಲಮಿನಲ್ಲಿ ಬರೆದಿದೆ. ಹಳೆಯ ಕಾನೂನಿನ ಕಾಲದಲ್ಲೂ, 1979ರಲ್ಲಿ, ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಬ್ಬನನ್ನು ಬಿಡುಗಡೆ ಮಾಡಿತು. ಹುಣಸೆಹಣ್ಣು ಮಾರಿ ಬಂದ ದುಡ್ಡು, ಖೋಟಾ ಎಂದು ನನಗೆ ತಿಳಿಯದು ಎಂದು ಅವನು ಹೇಳಿದ್ದ. ನೋಡಿದ ಕೂಡಲೇ ಯಾರಿಗಾದರೂ ತಿಳಿಯುವಂಥ ನೋಟು ಅದೆಂದು ಸಾಬೀತಾಗದೆ, ಅವನಿಗೆ ತಿಳಿದಿತ್ತೆಂದು ಹೇಳಲಾಗದು ಎಂದು ಕೋರ್ಟು ಕಂಡಿತು. ಮೆಣಸು ಮಾರಿದ ನಮ್ಮ ಈ ತಾಯಿಗೆ ನಾನು ಮೊದಲು ಹೇಳಬೇಕಾಗಿದ್ದದ್ದು ಇದನ್ನೇ.

ಬ್ಯಾಂಕಿನಲ್ಲಿ ಖೋಟಾ ಎಂದು ಹೇಳಿದರೆ ಓಡಬೇಡಿ. ಅವರು ನೋಟನ್ನು ಹಿಂದಕ್ಕೆ ಕೊಡುವಂತಿಲ್ಲ, ಅದು ಅವರ ಮೇಲಿನ ಕಟ್ಟಳೆ. ಅದರ ಬದಲು ಹಣವೂ ಸಿಗುವುದಿಲ್ಲ. ಆದರೆ ಸೀಲು ಹೊಡೆದು, ಪುಸ್ತಕದಲ್ಲಿ ಬರೆದುಕೊಂಡು, ನಿಮಗೆ ರಸೀತಿ ಕೊಡಲೇಬೇಕು. ಕೇಳಿ ಪಡೆಯಿರಿ. ಒಂದು ಸಾರಿಗೆ ನಾಲ್ಕು ನೋಟಿನವರೆಗೆ ಇದ್ದರೆ ಅವರು ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟು ವರದಿ ಕಳಿಸುತ್ತಾರೆ, ಅಷ್ಟೇ. ಐದು ಅಥವಾ ಹೆಚ್ಚು ಇದ್ದರೆ ಕೂಡಲೇ ಪೊಲೀಸಿಗೆ ತಿಳಿಸುತ್ತಾರೆ. ಅಂಥ ಸಂದರ್ಭದಲ್ಲಿ ಒಬ್ಬರೇ ಹೋಗಬೇಡಿ, ನಮ್ಮನ್ನು ಕರೆಯಿರಿ. ನೋಟು ಎಲ್ಲಿಂದ ಬಂತು, ಯಾವ ದಿನ, ಯಾವ ಸಾಮಾನಿಗೆ, ಇದನ್ನು ನೆನಪಿರುವಾಗಲೇ ಒಂದು ಚೀಟಿಯಲ್ಲಿ ಬರೆಸಿಡಿ.

ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಸಂತೆಗೆ ಅಮ್ಮನ ಜೊತೆ ಹೋದಾಗ ದುಡ್ಡು ತೆಗೆದುಕೊಳ್ಳುವ ಹೊತ್ತಿಗೆ ಟಾರ್ಚು ಹಿಡಿಯುವವರು ನೀವು. ದೊಡ್ಡವರು ಅವಸರ ಮಾಡಿದರೆ ಮಾಡಲಿ. ವ್ಯಾಪಾರಿ ಮುಖ ಗಂಟಿಕ್ಕಿದರೆ ‘ಅಣ್ಣಾ, ಇದು ಬೇಡ, ಬೇರೆ ಕೊಡಿ’ ಎಂದು ಮೆಲ್ಲಗೆ ಹೇಳಿ. ನೋಟನ್ನು ಜೇಬಿಗೆ ಹಾಕುವ ಮುಂಚೆ ಬೇಡ ಎನ್ನುವುದಕ್ಕೆ ಕಾಸು ಖರ್ಚಿಲ್ಲ. ಕೂಲಿ ಬ್ಯಾಂಕಿಗೆ ಬೀಳುವ ಎಸ್ಟೇಟುಗಳಲ್ಲಿ ಬಟವಾಡೆಯ ದಿನ ಈ ತೊಂದರೆ ಕಡಿಮೆ. ಹೊರಗಿನ ಶುಂಠಿ ಕೆಲಸಕ್ಕೆ, ಕಾಫಿ ಕೊಯ್ಲಿಗೆ ಹೋಗುವವರಿಗೆ ಮೇಸ್ತ್ರಿ ಕೈಯಲ್ಲೇ ದುಡ್ಡು ಎಣಿಸುತ್ತಾನೆ. ಅಲ್ಲಿ ಜೀಪು ಹತ್ತುವ ಮುಂಚೆ, ಬೆಳಕಿರುವಾಗಲೇ ಬಟವಾಡೆ ಆಗಬೇಕೆಂದು ಎಲ್ಲರೂ ಸೇರಿ ಕೇಳಿ. ಒಬ್ಬರು ಕೇಳಿದರೆ ಜಗಳಗಂಟಿ ಎನ್ನುತ್ತಾರೆ, ಇಪ್ಪತ್ತು ಜನ ಕೇಳಿದರೆ ಪದ್ಧತಿಯಾಗುತ್ತದೆ.

ಈಗ ಈ ಐನೂರನ್ನೂ ಈ ನೂರನ್ನೂ ಸಾಲಿನಲ್ಲಿ ಕೊಡುತ್ತಿದ್ದೇನೆ. ಕಣ್ಣು ಮುಚ್ಚಿ ಅಂಚಿನ ಗೆರೆ ಎಣಿಸಿ, ಆಮೇಲೆ ಓರೆ ಮಾಡಿ, ಆಮೇಲೆ ಕಿಟಕಿಗೆ ಹಿಡಿಯಿರಿ. ಮೊದಲು ಆ ತಾಯಿಯ ಕೈಗೆ ಕೊಡಿ. ಸುತ್ತಿ ಬಂದ ಮೇಲೆ ಎರಡೂ ನನಗೆ ವಾಪಸು ಬರಬೇಕು, ಅಕ್ಕಿಯ ದುಡ್ಡು ಅದು. ಬಂದದ್ದು ಇದೇ ನೋಟು ಹೌದೋ ಎಂದು ನಾನೂ ಬೆಳಕಿಗೆ ಹಿಡಿದೇ ತೆಗೆದುಕೊಳ್ಳುತ್ತೇನೆ.